ಪ್ರತಿಕ್ರಿಯೆ: ಚಿ-ಹಾ ನಂತರ ಏನಾಯಿತು?

ಎರಡನೇ ಮಹಾಯುದ್ಧದ ಜಪಾನಿ ಮಧ್ಯಮ ಟ್ಯಾಂಕ್ ಚಿ-ಹಾ ಆದಮೇಲೆ ಜಪಾನ್ ಒಳ್ಳೆಯ ಮಧ್ಯಮ ಟ್ಯಾಂಕನ್ನೇ ಮಾಡಲಿಲ್ಲವಾ ಎಂದು ಕೇಳಿದ್ದೀರಿ. ಮಾಡಿದರು, ಆದರೆ ತೀರಾ ತಡವಾಗಿ.

ಚಿ-ಹಾದ 57 ಮಿ.ಮೀ. ತೋಪು ಕಾಲಾಳುಗಳ ನೆರವಿಗೆ ಮಾಡಿದ್ದು. ಗುಂಡಿನ ವೇಗ ಕಡಿಮೆ. ಅಂಥ ತೋಪು ಟ್ಯಾಂಕ್ ಕಾಳಗಕ್ಕೆ ಸಾಲದು ಅನ್ನೋದು 1939ರಲ್ಲಿ ಮಂಗೋಲಿಯಾ-ಮಂಚೂರಿಯಾ ಗಡಿಯ ನೊಮೊನ್‌ಹಾನ್‌ನಲ್ಲಿ ಸೋವಿಯತ್ ಟ್ಯಾಂಕುಗಳ ಎದುರು ಗೊತ್ತಾಯಿತು. ಆಮೇಲೆ ಅದೇ ಒಡಲಿಗೆ ದೊಡ್ಡ ಗೋಪುರ (ತೋಪು ಇರುವ, ತಿರುಗುವ ಮೇಲ್ಭಾಗ), ಗುಂಡಿನ ವೇಗ ಹೆಚ್ಚಿದ್ದ 47 ಮಿ.ಮೀ. ತೋಪು ಕೂರಿಸಿದರು. ಅದೇ ಶಿನ್ಹೋತೊ ಚಿ-ಹಾ, ಅಂದರೆ ಹೊಸ ಗೋಪುರದ ಚಿ-ಹಾ. ನನಗೆ ಇದೇ ಜಾಣ ಕೆಲಸ ಅನ್ನಿಸುತ್ತದೆ.

ಮುಂಭಾಗಕ್ಕೆ 50 ಮಿ.ಮೀ. ಕವಚವಿದ್ದ ಮುಂದಿನ ಟ್ಯಾಂಕ್ ಚಿ-ಹೆ ತಯಾರಾಗಿದ್ದು ಸುಮಾರು 170 ಮಾತ್ರ. ಉಕ್ಕೆಲ್ಲ ಹಡಗು, ವಿಮಾನಗಳಿಗೇ ಜಾಸ್ತಿ ಹೋಗುತ್ತಿತ್ತು ಅಲ್ವಾ? 75 ಮಿ.ಮೀ. ತೋಪಿನ ಚಿ-ನು 1944ರಲ್ಲಿ ಬಂತು. ಅದನ್ನು ತಾಯ್ನಾಡಿನ ರಕ್ಷಣೆಗೆಂದು ಇಟ್ಟುಕೊಂಡರು; ಯುದ್ಧಕ್ಕೆ ಇಳಿಯಲೇ ಇಲ್ಲ.