ಕಾರ್ಡ್ ಕೇರಳದ್ದು, ಆಸ್ಪತ್ರೆ ಮಂಗಳೂರಿನದು

ಕೇರಳದಲ್ಲಿ ಆಸ್ಪತ್ರೆಗಳು ಅಷ್ಟು ಚೆನ್ನಾಗಿರುವಾಗ ಕಾಸರಗೋಡಿನವರು ಎಲ್ಲದಕ್ಕೂ ಮಂಗಳೂರಿಗೆ ಯಾಕೆ ಹೋಗುತ್ತೀರಿ, ಸರ್ಕಾರದ ಆರೋಗ್ಯ ಕಾರ್ಡ್ ಇದೆಯಲ್ಲ ಅಂತ ಕೇಳಿದ್ದೀರಿ. ಬೆಂಗಳೂರಿನವರು ಸುಮಾರು ಜನ ಇದನ್ನೇ ಕೇಳುತ್ತಾರೆ.

ಮೊದಲು ದೂರ ನೋಡಿ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರ. ಮಂಗಳೂರಿಗೆ ಸುಮಾರು 30 ಕಿಲೋಮೀಟರ್. ನಮ್ಮದೇ ರಾಜ್ಯದ, ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜಿಗೆ ಹೋಗಬೇಕಾದರೆ ಅದರ ಮೂರರಷ್ಟು ದೂರ, ಕೋಝಿಕ್ಕೋಡ್ ಇನ್ನೂ ಆಚೆ. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಅಡಿಗಲ್ಲು ಹಾಕಿದರು, ಆದರೆ ರಾತ್ರಿ ಎದೆನೋವು ಬಂದರೆ ನಮ್ಮ ಕಡೆಯ ಆಂಬುಲೆನ್ಸ್ ಈಗಲೂ ಮಂಗಳೂರಿನ ದಾರಿಯ ಗಡಿ ಊರು ತಲಪಾಡಿ ಕಡೆಗೇ ತಿರುಗುತ್ತದೆ.

ಇನ್ನು ಕಾರ್ಡಿನ ವಿಷಯ. ನಮ್ಮದು ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಕಾರ್ಡ್, 2019ರಲ್ಲಿ ಹಳೆಯ ವಿಮೆಗಳನ್ನೆಲ್ಲ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿಸಿ ಮಾಡಿದ್ದು. ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಕಾಗದದ ಮೇಲೆ ನಿಜವಾಗಿಯೂ ಒಳ್ಳೆಯ ಯೋಜನೆ, ಅದರಿಂದ ಬದುಕಿದವರು ನಮ್ಮ ವಾರ್ಡಿನಲ್ಲೇ ಇದ್ದಾರೆ. ಆಯುಷ್ಮಾನ್ ಪಟ್ಟಿಯಲ್ಲಿರುವ ಕುಟುಂಬ ದೇಶದ ಯಾವ ರಾಜ್ಯದಲ್ಲಾದರೂ ಯೋಜನೆಗೆ ಸೇರಿದ ಆಸ್ಪತ್ರೆಗೆ ಹೋಗಬಹುದು, ಖರ್ಚನ್ನು ಅವರ ಸ್ವಂತ ರಾಜ್ಯ ಕೊಡುತ್ತದೆ ಅಂತ ನಿಯಮವೂ ಇದೆ. ಆದರೆ ಕೇರಳದ ಪಟ್ಟಿ ಕೇಂದ್ರದ ಪಟ್ಟಿಗಿಂತ ತುಂಬಾ ದೊಡ್ಡದು. ಉಳಿದವರ ದುಡ್ಡು ರಾಜ್ಯವೇ ಹಾಕುತ್ತದೆ. ಹಾಗಾಗಿ ನಾವು ಯಾವ ಪಟ್ಟಿಯವರು ಅನ್ನುವುದು ನಮಗೇ ಗೊತ್ತಿರುವುದಿಲ್ಲ, ಆಸ್ಪತ್ರೆಯ ಕೌಂಟರಿಗೆ ಹೋಗಿ ನಿಂತಾಗಲೇ ಗೊತ್ತಾಗುವುದು.

ನನ್ನ ಅಪ್ಪನಿಗೆ ಸ್ಟೆಂಟ್ ಹಾಕಬೇಕಾದಾಗ ಇದೇ ಆಯಿತು. ಆಸ್ಪತ್ರೆಯ ಹೆಸರು ಬೇಡ. ರಾತ್ರಿ ಹನ್ನೊಂದೂವರೆಗೆ ಕೌಂಟರಿನಲ್ಲಿ ಕಾರ್ಡ್ ಕೊಟ್ಟರೆ, "ಇದು ಕೇರಳದ್ದು, ಅಪ್ರೂವಲ್ ಅಲ್ಲಿಂದ ಬರಬೇಕು, ನಾಳೆ ನೋಡೋಣ, ಈಗ ಅಡ್ವಾನ್ಸ್ ಕಟ್ಟಿ" ಅಂದರು. ಅಪ್ಪನನ್ನು ಒಳಗೆ ಮಲಗಿಸಿ ನಾಳೆಯವರೆಗೆ ಯಾರು ಕಾಯುತ್ತಾರೆ? ಕಟ್ಟಿದೆವು. ಈ ಯೋಜನೆಯಲ್ಲಿ ಮೊದಲು ದುಡ್ಡು ಕಟ್ಟಿ ಆಮೇಲೆ ಬಿಲ್ಲು ಕೊಟ್ಟರೆ ವಾಪಸ್ ಸಿಗುವುದಿಲ್ಲ, ಇದು ನಮಗೆ ಆಮೇಲೆ ತಿಳಿದದ್ದು. ಅಮ್ಮನ ಬಳೆ ಎರಡು ವರ್ಷ ಬ್ಯಾಂಕಿನಲ್ಲಿತ್ತು.

ಹಾಗಾದರೆ ಕರ್ನಾಟಕದ ಯೋಜನೆ? ಅದಕ್ಕೆ ಕರ್ನಾಟಕದ ರೇಷನ್ ಕಾರ್ಡ್ ಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತವರು ನಾವು, ಆದರೆ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಹಾಗಾಗಿ ರೇಷನ್ ಕಾರ್ಡ್ ಮಾತ್ರ ಕೇರಳದ್ದೇ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ರಾಜ್ಯಗಳ ಗಡಿ ಜಗಳ ನೋಡಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗದ ವರದಿ ಹೇಳಿದೆ. ಪ್ರತಿ ರಾಜ್ಯೋತ್ಸವಕ್ಕೂ ಭಾಷಣದಲ್ಲಿ ಅದು ಬರುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ವಿಷಯ ಬರುವುದಿಲ್ಲ, ನನಗೆ ಬೇಸರ ಅದೇ.

2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಅಂತ ಕರ್ನಾಟಕ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತವು. ಚಿಕಿತ್ಸೆ ಸಿಗದೆ ನಮ್ಮ ಕಡೆಯ ಹಲವರು ಸತ್ತರು. ಕೇರಳ ಹೈಕೋರ್ಟ್ ಏಪ್ರಿಲ್ 1ಕ್ಕೆ ಆದೇಶ ಕೊಟ್ಟು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ರೋಗಿಗಳನ್ನು ಬಿಡಲು ಒಪ್ಪಂದವಾಯಿತು. ಆ ಕಾಲದಲ್ಲಿ ಇಲ್ಲಿ ಯಾರ ಮನೆಯಲ್ಲಿ ಕಾಯಿಲೆಯವರಿದ್ದರೋ ಅವರಿಗೆ ತಲಪಾಡಿ ದಾಟುವಾಗ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಬೆಳಗಾವಿ ಕಡೆ ಇದಕ್ಕೆ ತದ್ವಿರುದ್ಧ. ಮಹಾರಾಷ್ಟ್ರ 2023ರಲ್ಲಿ ಕರ್ನಾಟಕದ 865 ಗಡಿ ಊರುಗಳ ಜನರಿಗೂ ತನ್ನ ಆರೋಗ್ಯ ಯೋಜನೆ ಕೊಡುತ್ತೇನೆ ಅಂತ 54 ಕೋಟಿ ತೆಗೆದಿಟ್ಟಿತು, ಕರ್ನಾಟಕ ಬಲವಾಗಿ ವಿರೋಧಿಸಿತು. ನೆಲದ ಜಗಳಕ್ಕೆ ಆಸ್ಪತ್ರೆ ಕಾರ್ಡನ್ನು ಹೀಗೆ ಬಳಸುವುದು ನನಗೂ ಒಪ್ಪಿಗೆ ಇಲ್ಲ. ನಮಗೆ ಬೇಕಾದದ್ದು ಎರಡು ಸರ್ಕಾರಗಳು ಕೂತು ಮಾಡಿಕೊಳ್ಳುವ ಒಂದು ಒಪ್ಪಂದ, ಯೋಜನೆಗೆ ಸೇರಿದ ಮಂಗಳೂರಿನ ಆಸ್ಪತ್ರೆಗಳಲ್ಲಿ ಕೇರಳದ ಎಲ್ಲ ಕಾರ್ಡ್ ನಡೆಯಬೇಕು, ಅಪ್ರೂವಲ್ ರಾತ್ರಿಯೂ ಬರಬೇಕು. ಆಗದ ಕೆಲಸವೇನೂ ಅಲ್ಲ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ಉಚಿತ ಚಿಕಿತ್ಸೆ ಕೊಡುವಾಗ ಕೇರಳ ಸರ್ಕಾರವೇ ಮಂಗಳೂರಿನ ಆಸ್ಪತ್ರೆಗಳನ್ನೂ ಪಟ್ಟಿಗೆ ಸೇರಿಸಿತ್ತು. ಆ ವಿಷದಿಂದ ತುಂಬಾ ನೊಂದ ನಮ್ಮ ಜಿಲ್ಲೆಯ ಎಣ್ಮಕಜೆಯವರಿಗೆ ಇದು ಗೊತ್ತು.

ನೀವು ವರ್ಗವಾಗಿ ಇಲ್ಲಿಗೆ ಬರುತ್ತೀರಿ ಅಂದಿದ್ದೀರಿ, ಅದಕ್ಕೆ ಹೇಳುತ್ತೇನೆ. ಸ್ವಂತ ಪಾಲಿಸಿ ಇದ್ದರೆ ಬಿಡಬೇಡಿ, 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ 18% ಜಿಎಸ್‌ಟಿಯೂ ಹೋಗಿದೆ. ಅಪ್ಪ ಅಮ್ಮನ ಹತ್ತಿರ ಆಯುಷ್ಮಾನ್ ಕಾರ್ಡ್ ಇದ್ದರೆ ಆ ಯೋಜನೆಯ ಸಹಾಯವಾಣಿ 14555ಕ್ಕೆ ಈಗಲೇ ಫೋನ್ ಮಾಡಿ, ಮಂಗಳೂರಿನ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಕೌಂಟರಿನಲ್ಲಿ ದುಡ್ಡು ಕಟ್ಟುವ ಮೊದಲು ಕಾರ್ಡ್ ತೋರಿಸಿ, ಆಗುವುದಿಲ್ಲ ಅಂದರೆ ಅದನ್ನು ಬರೆದು ಕೊಡಿ ಅಂತ ಕೇಳಿ. ನಾವು ಅವತ್ತು ಕೇಳಲಿಲ್ಲ.