ಲಿಥುವೇನಿಯಾದ ಅತಿಥಿಗಳನ್ನು ಕರೆಯುವುದು ಹೇಗೆ?

ಪ್ರಶ್ನೆ: ಆನೆಗೊಂದಿಯ ನಮ್ಮ ಮನೆಯಲ್ಲಿ ಉಳಿಯಲು ಲಿಥುವೇನಿಯಾದ ಅತಿಥಿಗಳು ಬರಲಿದ್ದಾರೆ. ‘ಹೋಗೋಣ ಬನ್ನಿ’ ಎಂದು ಅವರ ಭಾಷೆಯಲ್ಲಿ ಕರೆಯುವುದು ಹೇಗೆ?
– ಓದುಗರು, ಗಂಗಾವತಿ ತಾಲ್ಲೂಕು

ಉತ್ತರ: ನಾವು ‘ಹೋಗೋಣ’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದನ್ನು ಲಿಥುವೇನಿಯನ್ನರು ಹೋಗುವ ಬಗೆಗೆ ತಕ್ಕಂತೆ ಬೇರೆ ಬೇರೆ ಕ್ರಿಯಾಪದಗಳಿಂದ ಹೇಳುತ್ತಾರಾದ್ದರಿಂದ, ಅಂಜನಾದ್ರಿಯ ಮೆಟ್ಟಿಲು ಹತ್ತಲು ಕರೆಯುವಾಗ ‘ಎಯ್ಮೆ’ ಎಂದೂ, ವಾಹನದಲ್ಲಿ ಕೊಪ್ಪಳಕ್ಕೆ ಹೊರಟಾಗ ‘ವಝುವೊಯಮ್’ ಎಂದೂ, ಹರಿಗೋಲಿನಲ್ಲಿ ತುಂಗಭದ್ರೆಯನ್ನು ದಾಟುವಾಗ ‘ಪ್ಲೌಕ್ಯಮ್’ ಎಂದೂ ಹೇಳಬೇಕು. ಈ ಮೂರನ್ನೇ ಮೊದಲು ಗಟ್ಟಿ ಮಾಡಿಕೊಳ್ಳಿರಿ. ವ್ಯಾಕರಣ ಆಮೇಲೆ ಬರಲಿ.

ಇವು ಸಲುಗೆಯ ಮಾತುಗಳು. ಹಿರಿಯರನ್ನೂ ಹೊಸಬರನ್ನೂ ‘ಗಲ್ ನೊರೇತುಮೇತೆ ಎಯ್ತಿ ಕರ್ತು?’, ಅಂದರೆ ‘ಜೊತೆಗೆ ನಡೆದು ಬರಲು ಇಷ್ಟಪಡುವಿರಾ?’ ಎಂದು ಕೇಳುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಅವರು ‘ಸು ಮಲೊನುಮು’ ಎಂದರೆ ಸಂತೋಷದಿಂದ ಒಪ್ಪಿದರೆಂದೇ ತಿಳಿಯಿರಿ.