ಇಂಗ್ಲೆಂಡಿನ ಈಮ್ ಹಳ್ಳಿಯ ಚರ್ಚಿಗೂ ಪ್ಲೇಗಿಗೂ ಏನು ಸಂಬಂಧ?

ಡರ್ಬಿಶೈರ್‌ನ ಸೇಂಟ್ ಲಾರೆನ್ಸ್ ಚರ್ಚ್ ಬಗ್ಗೆ ಕೇಳ್ತಿದ್ದೀರಿ ಅಲ್ವಾ? ಪ್ಲೇಗ್ ಬಂದಾಗ ಊರಿಗೆ ಊರೇ ತನ್ನನ್ನು ತಾನು ದಿಗ್ಬಂಧನ ಮಾಡಿಕೊಂಡಿತು. ಅದರ ಮುಂದಾಳು ಈ ಚರ್ಚಿನ ಪಾದ್ರಿ ವಿಲಿಯಂ ಮಾಂಪೆಸ್ಸನ್.

1665ರಲ್ಲಿ ಲಂಡನ್ನಿಂದ ದರ್ಜಿಯೊಬ್ಬನ ಮನೆಗೆ ಬಟ್ಟೆಯ ಗಂಟು ಬಂತು. ಅದರಲ್ಲಿದ್ದ ಚಿಗಟಗಳಿಂದಲೇ ರೋಗ ಹಬ್ಬಿತು ಅಂತಾರೆ. ಗಂಟು ಬಿಚ್ಚಿದ ಸಹಾಯಕ ಜಾರ್ಜ್ ವಿಕರ್ಸ್ ಸೆಪ್ಟೆಂಬರ್‌ನಲ್ಲಿ ಸತ್ತ, ಅವನೇ ಮೊದಲನೆಯವನು. ಮುಂದಿನ ಬೇಸಿಗೆಯಲ್ಲಿ ಸಾವು ಜಾಸ್ತಿಯಾದಾಗ ಮಾಂಪೆಸ್ಸನ್, ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿಯನ್ನೂ ಜೊತೆಗೆ ಸೇರಿಸಿಕೊಂಡು, ಯಾರೂ ಊರು ಬಿಟ್ಟು ಹೋಗಬಾರದು ಅಂತ ಜನರನ್ನು ಒಪ್ಪಿಸಿದ. ಇಬ್ಬರಿಗೂ ಧರ್ಮದ ವಿಷಯದಲ್ಲಿ ಸರಿಹೋಗುತ್ತಿರಲಿಲ್ಲ, ಅದನ್ನು ಪಕ್ಕಕ್ಕಿಟ್ಟರು ಅನ್ನೋದೇ ನನಗೆ ದೊಡ್ಡ ವಿಷಯ.

ಚರ್ಚಿಗೆ ಬೀಗ ಬಿತ್ತು. ಪ್ರಾರ್ಥನೆ ಹತ್ತಿರದ ಕಣಿವೆಯಲ್ಲಿ, ಬಯಲಲ್ಲಿ, ಒಬ್ಬರಿಂದೊಬ್ಬರು ದೂರ ನಿಂತು. ಸತ್ತವರನ್ನು ಚರ್ಚಿನ ಅಂಗಳಕ್ಕೆ ತರುವಂತಿರಲಿಲ್ಲ, ಮನೆಯವರೇ ಹೊಲದಲ್ಲಿ ಹೂಳಬೇಕು. ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ ಎಂಟೇ ದಿನದಲ್ಲಿ ಗಂಡ ಮತ್ತು ಆರು ಮಕ್ಕಳನ್ನು ಒಬ್ಬಳೇ ಮಣ್ಣು ಮಾಡಿದಳು. ಊರ ಗಡಿಯಲ್ಲಿ ಗುಳಿ ಕೊರೆದ ಕಲ್ಲೊಂದು ಈಗಲೂ ಇದೆ. ಸೋಂಕು ಹರಡದಿರಲಿ ಅಂತ ಗುಳಿಯಲ್ಲಿ ವಿನೆಗರ್ ತುಂಬಿ ನಾಣ್ಯ ಹಾಕಿಡುತ್ತಿದ್ದರು, ಹೊರಗಿನವರು ಆಹಾರ ಇಟ್ಟು ದುಡ್ಡು ತಗೊಂಡು ಹೋಗುತ್ತಿದ್ದರು.

ಸತ್ತವರು ಸುಮಾರು 260 ಮಂದಿ ಅಂತ ರೂಢಿಯ ಲೆಕ್ಕ. ಮಾಂಪೆಸ್ಸನ್ ಹೆಂಡತಿ ಕ್ಯಾಥರೀನ್ ಕೂಡ 1666ರ ಆಗಸ್ಟ್‌ನಲ್ಲಿ ತೀರಿಕೊಂಡಳು. ಆದರೆ ಅವಳ ಸಮಾಧಿ ಚರ್ಚಿನ ಅಂಗಳದಲ್ಲೇ ಇದೆ, ಅದಕ್ಕೂ ಎಷ್ಟೋ ಶತಮಾನ ಹಳೆಯದಾದ ಕಲ್ಲಿನ ಶಿಲುಬೆಯ ಹತ್ತಿರ.